ಸಸ್ಯಾಹಾರಿಯ ಬೇಟೆಗಾಡಿ

ನಾನು ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದವನು. ಅಂಥವನು ಒಮಾನಿನಲ್ಲಿದ್ದಾಗ ಒಂದು ಜಿಂಕೆಬೇಟೆಯಲ್ಲಿ ಪಾಲುಗಾರನಾಗಿದ್ದೆ ಎಂದರೆ ನಿಮಗೆ ನಗು ಬರಬಹುದು. ನಗಬೇಡಿ. ನಮ್ಮ ನೆಂಟರಿಷ್ಟರೆಲ್ಲ ಈಗಾಗಲೇ ಬೇಕಾದಷ್ಟು ನಕ್ಕಿದ್ದಾರೆ. ಆ ನಗು ಕೇಳಿದಾಗಲೆಲ್ಲ ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯುತ್ತದೆ. ಇದನ್ನು ಹಗುರವಾಗಿ, ನಾಲ್ಕು ಜನ ಮೆಚ್ಚುವ ಹಾಗೆ ಬರೆಯಬೇಕೆಂದು ಎರಡು ಸಲ ಕೂತೆ. ಎರಡು ಸಲವೂ ಹಾಳೆ ಹರಿದುಹಾಕಿ ಎದ್ದೆ. ಈಗ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ನಡುನಡುವೆ ನಿಮ್ಮನ್ನು ನಗಿಸಿದರೆ ಅದು ನನ್ನ ಹಳೇ ಚಾಳಿ, ಕ್ಷಮಿಸಿಬಿಡಿ.

ಮೊದಲೇ ಹೇಳಿಬಿಡುತ್ತೇನೆ: ಜಿಂಕೆ ಸತ್ತಿತು. ನಮ್ಮಲ್ಲಿ ಯಾರ ಕೈಯಲ್ಲೂ ಬಂದೂಕು ಇರಲಿಲ್ಲ, ಚಾಕು ಇರಲಿಲ್ಲ, ಒಂದು ಕಲ್ಲು ಕೂಡ ಇರಲಿಲ್ಲ. ಆದ್ದರಿಂದ ನಾವು ಕೊಂದಿಲ್ಲ ಎಂಬುದು ನಮ್ಮ ಮನೆಯ ತೀರ್ಮಾನ. ನನ್ನ ಜಗಳವಿರುವುದು ಆ ತೀರ್ಮಾನದ ಜೊತೆ. ಸತ್ತ ಪ್ರಾಣಿಗೆ ಇನ್ನೇನೂ ಮಾಡಲಾಗದು. ನಡೆದದ್ದನ್ನು ನಡೆದ ಹಾಗೆ ಒಪ್ಪಿಕೊಳ್ಳಿ, ಕೊಂದದ್ದನ್ನು ಕೊಂದದ್ದು ಅನ್ನಿ ಎಂದಷ್ಟೇ ನಾನು ಕೇಳುವುದು.

ಜಗಳದ ಆಚೆ ಕಡೆ ಇರುವವರು ನಾಗೇಂದ್ರ ಭಾವ. ನನ್ನ ಹೆಂಡತಿ ವಸುಧಾಳ ಅಕ್ಕ ಪದ್ಮಕ್ಕನ ಗಂಡ, ಅಂದರೆ ನನಗೆ ಷಡ್ಡಕ. ಅಣ್ಣತಮ್ಮಂದಿರಿಗೆ ಕಿತ್ತಾಡಲು ಆಸ್ತಿಯಾದರೂ ಇರುತ್ತದೆ. ಷಡ್ಡಕರಿಗೆ ಇರುವುದು ಒಂದೇ ಮಾವನ ಮನೆ, ಒಂದೇ ಬಾಳೆಲೆಯ ಸಾಲು. ಆ ಸಾಲಿನ ಮೊದಲ ಎಲೆ ದೊಡ್ಡ ಅಳಿಯನದು. ತುಪ್ಪ ಮೊದಲು ಅಲ್ಲಿ ಬೀಳುತ್ತದೆ. ಎರಡನೇ ಅಳಿಯನ ಎಲೆಗೆ ಬರುವ ಹೊತ್ತಿಗೆ ತುಪ್ಪದ ಗಿಂಡಿಯನ್ನು ಪೂರ್ತಿ ಬಗ್ಗಿಸಬೇಕಾಗುತ್ತದೆ. ಬಡವನ ಸಿಟ್ಟು ದವಡೆಗೆ ಮೂಲ ಎನ್ನುತ್ತಾರೆ. ಎರಡನೇ ಅಳಿಯನ ಸಿಟ್ಟು ದವಡೆಯ ತನಕವೂ ಬರುವುದಿಲ್ಲ, ಗಂಟಲಲ್ಲೇ ಮಜ್ಜಿಗೆಯ ಜೊತೆ ಇಳಿದುಹೋಗುತ್ತದೆ. ಇದು ಸಾಲದು ಎಂಬಂತೆ ನನಗೆ ಮಸ್ಕತ್ತಿನಲ್ಲಿ ಕೆಲಸ ಕೊಡಿಸಿದವರೂ ಅವರೇ. ದೊಡ್ಡ ಕಂಪನಿಯೊಂದರಲ್ಲಿ ಆಡಳಿತ ವಿಭಾಗದ ಮ್ಯಾನೇಜರ್ ಆಗಿದ್ದ ಅವರು, ವಾಹನಗಳಿಗೆ ಬಂಪರು, ದೀಪ, ಕ್ಯಾರಿಯರು ಜೋಡಿಸುವ ಒಂದು ವರ್ಕ್‌ಶಾಪಿನ ಮಾಲೀಕನ ಹತ್ತಿರ ಮಾತಾಡಿ ನನ್ನ ವೀಸಾಕ್ಕೆ ಆತನೇ ಕಫೀಲ್, ಅಂದರೆ ನನ್ನ ಹೊಣೆ ಹೊರುವ ಧಣಿ, ಆಗುವಂತೆ ಮಾಡಿದ್ದರು. ಅವರು ಅದನ್ನು ಹಬ್ಬಕ್ಕೊಮ್ಮೆ ನೆನಪಿಸುತ್ತಿದ್ದರು, ನಾನು ಹಬ್ಬಕ್ಕೊಮ್ಮೆ ತಲೆಯಾಡಿಸುತ್ತಿದ್ದೆ. ಹೀಗಾಗಿ ಅವರು "ಶ್ರೀಧರ, ಬಾ ಇಲ್ಲಿ" ಅಂದರೆ ನಾನು ಯಾಕೆಂದು ಕೇಳದೆ ಹೋಗುತ್ತಿದ್ದೆ.

ಒಂದು ಗುರುವಾರ ಬೆಳಗ್ಗೆ ಹಾಗೇ ಕರೆದರು. ಆಗ ಅಲ್ಲಿ ಗುರುವಾರ, ಶುಕ್ರವಾರ ರಜೆ. ಅಲ್ ಅಜೈಬಾದ ಅವರ ಫ್ಲಾಟಿನ ಕೆಳಗೆ ಕಾರು ನಿಲ್ಲಿಸುವ ಜಾಗದಲ್ಲಿ ಒಂದು ಹೊಸ ಪ್ರಾಣಿ ನಿಂತಿತ್ತು. ನಾಲ್ಕು ಉಬ್ಬಿದ ಚಕ್ರ, ಮೋಟಾರ್‌ಸೈಕಲ್ಲಿನ ಹ್ಯಾಂಡಲ್, ಟ್ರ್ಯಾಕ್ಟರಿನ ಗತ್ತು. ಕಂಪನಿಯ ಪುಸ್ತಕದಲ್ಲಿ ಅದರ ಹೆಸರು ಎಟಿವಿ, ಊರವರ ಬಾಯಲ್ಲಿ ಕ್ವಾಡ್ ಬೈಕ್. ಮಸ್ಕತ್ತಿನ ಅಂಚಿನ ಮರಳುದಿಣ್ಣೆಗಳಲ್ಲಿ ರಜಾದಿನ ಬಾಡಿಗೆಗೆ ಸಿಗುವಂಥದ್ದೇ, ಆದರೆ ಇದು ಅವುಗಳಿಗಿಂತ ದೊಡ್ಡದು. ಬಂದರಿನ ಊರು ಸೂರ್ ಕಡೆಯ ಅನಿಲ ಸ್ಥಾವರದಲ್ಲಿದ್ದ ಒಬ್ಬ ಅಮೆರಿಕನ್ ಇಂಜಿನಿಯರು ಕೆಲಸ ಮುಗಿಸಿ ಊರಿಗೆ ಹೊರಟಿದ್ದ. ಅವನದನ್ನು ಭಾವ ಕೊಂಡಿದ್ದರು. ಅವನು ತನ್ನ ಊರಿನಲ್ಲಿ ಪ್ರತಿ ವರ್ಷ ಜಿಂಕೆ ಹೊಡೆಯುವವನಂತೆ. ಆ ಬೇಟೆಗೆಂದೇ ಗಾಡಿಗೆ ಜೋಡಿಸುವ ಸಾಮಾನೆಲ್ಲ ಒಂದು ದೊಡ್ಡ ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿತ್ತು. ಇಲ್ಲಿ ಬೇಟೆಗೆ ನಿಷೇಧ ಇದ್ದುದರಿಂದ ಅವನು ಪೆಟ್ಟಿಗೆ ತೆಗೆದೇ ಇರಲಿಲ್ಲ. ಭಾವ ತೆಗೆದರು.

"ಬೇಟೆ ಗೀಟೆ ಎಲ್ಲ ನಮಗ್ಯಾಕಯ್ಯಾ," ಎಂದು ಅವರೇ ಹೇಳಿದರು. "ಒಂದು ಜಿಂಕೆ ಫೋಟೋ ತೆಗೀಬೇಕು ಅಷ್ಟೇ. ಹತ್ತಿರದಿಂದ. ಕಣ್ಣಲ್ಲಿ ಕಣ್ಣಿಟ್ಟ ಹಾಗೆ."

ಅವರು ಹೊಸದಾಗಿ ಡಿಜಿಟಲ್ ಕ್ಯಾಮೆರಾ ಕೊಂಡಿದ್ದರು. ಅಲ್ಲಿಯವರೆಗೆ ಅದರಲ್ಲಿ ಸೆರೆಯಾದದ್ದು ಪದ್ಮಕ್ಕನ ದಾಸವಾಳದ ಕುಂಡ ಮತ್ತು ಊರಿನಿಂದ ಬಂದು ಹೋಗುವವರು ವಿಮಾನ ನಿಲ್ದಾಣದಲ್ಲಿ ನಿಂತ ಭಂಗಿಗಳು. ಸಹೋದ್ಯೋಗಿಯೊಬ್ಬರ ಮನೆಯ ಗೋಡೆಯ ಮೇಲೆ ಆ ಸಹೋದ್ಯೋಗಿಯೇ ತೆಗೆದ, ಉದ್ದ ಕೊಂಬಿನ ಮರಳುಗಾಡು ಜಿಂಕೆ ಓರಿಕ್ಸ್‌ನ ಫೋಟೋ ಇತ್ತಂತೆ. ಅಂದಿನಿಂದ ಭಾವನಿಗೆ ಊಟ ಸೇರುತ್ತಿರಲಿಲ್ಲ.

ಆ ಪೆಟ್ಟಿಗೆಯಲ್ಲಿ ಏನೇನಿತ್ತು ಎಂದು ನಿಮಗೆ ಹೇಳಲೇಬೇಕು. ಬಂದೂಕನ್ನು ಮಲಗಿಸಿ ಗಾಡಿಗೆ ಕಟ್ಟುವ ಉದ್ದನೆಯ ಚೀಲ. ಎಲೆ, ಕಡ್ಡಿಯ ಬಣ್ಣದ ಹೊದಿಕೆ. ಸೈಲೆನ್ಸರಿನ ತುದಿಗೆ ಹಾಕಿ ಸದ್ದು ಇನ್ನಷ್ಟು ಅಡಗಿಸುವ ಡಬ್ಬಿ. ಎಳೆದರೆ ಸದ್ದು ಮಾಡದ ಜಿಪ್ಪಿನ ಚೀಲಗಳು. ಸತ್ತ ಜಿಂಕೆಯ ಕಾಲುಗಳನ್ನು ಸೇರಿಸಿ ಕಟ್ಟುವ ಪಟ್ಟಿ, ಅದನ್ನು ಎಳೆದು ಮೇಲೆ ಹಾಕಲು ಮುಂದೆ ಒಂದು ವಿಂಚು, ಮಲಗಿಸಲು ಹಿಂದೆ ಒಂದು ಕಬ್ಬಿಣದ ರ‍್ಯಾಕು. ಜಿಂಕೆಯ ದನಿ ಹೊರಡಿಸುವ ಒಂದು ಪೀಪಿ. ಒಂದು ಸಣ್ಣ ಸೀಸೆಯಲ್ಲಿ ಹೆಣ್ಣು ಜಿಂಕೆಯ ಮೂತ್ರ! ಗಂಡು ಮೋಸಹೋಗಿ ಹತ್ತಿರ ಬರಲಿ ಎಂದು. ಮನುಷ್ಯನ ಬುದ್ಧಿ ಎಲ್ಲೆಲ್ಲಿ ಓಡುತ್ತದೆ ನೋಡಿ. ಎದುರಿಗಿರುವುದು ಹುಲ್ಲು ತಿನ್ನುವ, ಕಚ್ಚಲು ಬಾರದ, ಒದೆಯಲು ಧೈರ್ಯವಿಲ್ಲದ ಒಂದು ಜೀವ. ಅದಕ್ಕಿರುವ ಆಯುಧ ಎಂದರೆ ಎರಡು ಕಿವಿ, ಒಂದು ಮೂಗು, ನಾಲ್ಕು ಕಾಲು. ಕಿವಿಗೆ ಇದು, ಮೂಗಿಗೆ ಅದು, ಕಾಲಿಗೆ ನಾಲ್ಕು ಚಕ್ರ ಎಂದು ಒಂದೊಂದಕ್ಕೂ ಒಂದೊಂದು ಉತ್ತರ ಮಾಡಿ ಮಾರಾಟಕ್ಕಿಟ್ಟಿದ್ದಾರೆ. ಇದನ್ನು ಅವರು ಕ್ರೀಡೆ ಎನ್ನುತ್ತಾರೆ. ಹೀಗೆ ಸಿದ್ಧನಾಗಿ ಹೊರಟವನು ಸೋತರೆ ಅಲ್ಲವೇ ಆಶ್ಚರ್ಯ?

ಭಾವ ಆ ಪೀಪಿಯನ್ನು ಬಾಲ್ಕನಿಯಲ್ಲಿ ನಿಂತು ಊದಿ ಊದಿ ಅಭ್ಯಾಸ ಮಾಡಿದರು. ಮೂರನೇ ದಿನ ಪಕ್ಕದ ಫ್ಲಾಟಿನವರು ಬಂದು ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಎಂದು ಕೇಳಿದರು. ಮೂತ್ರದ ಸೀಸೆಯನ್ನು ಮಾತ್ರ ಪದ್ಮಕ್ಕ ಒಳಗೆ ಬಿಟ್ಟುಕೊಳ್ಳಲಿಲ್ಲ. ದೇವರ ಮನೆ ಇರುವ ಮನೆ ಇದು ಎಂದರು. ಅದೇ ದೇವರ ಮನೆಯಲ್ಲಿ ಊರಿನಿಂದ ತರಿಸಿದ ಗೋಮೂತ್ರದ ಬಾಟಲಿ ಇತ್ತು ಎಂಬುದನ್ನು ನಾನು ಎತ್ತಿ ಆಡಲಿಲ್ಲ.

ಜಿಂಕೆಗೂ ನಮಗೂ ಹಿಂದಿನಿಂದ ಒಂದು ವಿಚಿತ್ರ ಸಂಬಂಧವಿದೆ. ಎಂಟು ವರ್ಷಕ್ಕೆ ನನಗೆ ಮುಂಜಿ ಮಾಡಿದಾಗ ಜನಿವಾರಕ್ಕೆ ಒಂದು ಚೂರು ಚರ್ಮ ಕಟ್ಟಿದ್ದರು. ಇದೇನು ಎಂದು ಕೇಳಿದ್ದಕ್ಕೆ ಪುರೋಹಿತರು ಕೃಷ್ಣಾಜಿನ ಎಂದರು. ಹಾಗೆಂದರೇನು ಎಂದು ಕೇಳಿದ್ದಕ್ಕೆ ಸುಮ್ಮನೆ ಕೂತ್ಕೋ ಎಂದರು. ಅದು ಜಿಂಕೆಯ ಚರ್ಮ ಎಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ನಮ್ಮ ಋಷಿಗಳೆಲ್ಲ ಅಹಿಂಸೆಯ ಮಾತಾಡಿದ್ದು ಅದರ ಮೇಲೆ ಕೂತೇ. ತಾನಾಗಿ ಸತ್ತ ಜಿಂಕೆಯದೇ ಚರ್ಮ ತರುತ್ತಿದ್ದರು ಎಂದು ಹೇಳುವವರಿದ್ದಾರೆ. ಇರಬಹುದು. ಅಷ್ಟೊಂದು ಜಿಂಕೆಗಳು ಅಷ್ಟೊಂದು ಋಷಿಗಳಿಗಾಗಿ ತಾವಾಗಿ ಸಾಯುತ್ತಿದ್ದವು ಎಂದು ನಂಬಲು ನನಗೇನೂ ಅಡ್ಡಿಯಿಲ್ಲ. ಇನ್ನು ಪುರಾಣದ ರಾಜರ ವಿಷಯ. ಜಿಂಕೆಯ ಬೆನ್ನು ಹತ್ತಿದ ಯಾವ ದೊರೆಯೂ ನೆಟ್ಟಗೆ ಮನೆ ಸೇರಿದ್ದಿಲ್ಲ. ಒಬ್ಬನಿಗೆ ಶಾಪ, ಒಬ್ಬನಿಗೆ ಹೆಂಡತಿಯ ಅಗಲಿಕೆ. ರಾಜರ ವ್ಯಸನಗಳ ಪಟ್ಟಿಯಲ್ಲಿ ಜೂಜು, ಕುಡಿತಗಳ ಪಕ್ಕದಲ್ಲೇ ಬೇಟೆಯನ್ನೂ ಬರೆದಿಟ್ಟಿದ್ದಾರೆ. ಇದೆಲ್ಲ ನಾಗೇಂದ್ರ ಭಾವನಿಗೆ ನನಗಿಂತ ಚೆನ್ನಾಗಿ ಗೊತ್ತು, ಶ್ಲೋಕದ ಸಮೇತ ಗೊತ್ತು. ಆದರೆ ಅವರ ಪ್ರಕಾರ ಅದೆಲ್ಲ ಬಾಣ ಬಿಟ್ಟವರಿಗೆ ಅನ್ವಯ.

ಗಾಡಿ ನಮ್ಮ ವರ್ಕ್‌ಶಾಪಿಗೆ ಬಂತು. ನನ್ನ ಜೊತೆ ವೆಲ್ಡಿಂಗ್ ಮಾಡುತ್ತಿದ್ದವನು ಉಡುಪಿ ಕಡೆಯ ಲೋಕೇಶ. ಅವನು ಪೆಟ್ಟಿಗೆಯ ಸಾಮಾನುಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡು ಬಹಳ ಹೊತ್ತು ನೋಡಿದ. "ಬಂದೂಕೇ ಇಲ್ವಲ್ಲ ಮಾರಾಯ್ರೆ, ಮತ್ತೆ ಈ ಚೀಲ ಎಂತಕ್ಕೆ?" ಎಂದ. ಕ್ಯಾಮೆರಾದ ಮೂರು ಕಾಲಿನ ಸ್ಟ್ಯಾಂಡು ಇಡಲು ಎಂದೆ. ಅವನು ತುಳುವಿನಲ್ಲಿ ತನ್ನಷ್ಟಕ್ಕೆ ಏನೋ ಅಂದುಕೊಂಡ.

ಇಲ್ಲಿ ನಾನೊಂದು ಒಪ್ಪಿಕೊಳ್ಳಬೇಕು. ಆ ಕೆಲಸವನ್ನು ನಾನು ಮನಸ್ಸಿಟ್ಟು ಮಾಡಿದೆ. ದಿನವಿಡೀ ದೊಡ್ಡ ಗಾಡಿಗಳಿಗೆ ಹೊಳೆಯುವ ಬಂಪರು ಕಟ್ಟಿ ಬೇಸತ್ತವನಿಗೆ ಅಂಥ ನಾಜೂಕಿನ ಕೆಲಸ ಸಿಗುವುದೇ ಅಪರೂಪ. ಒಂದೊಂದು ಬೋಲ್ಟಿನ ಕೆಳಗೂ ರಬ್ಬರಿನ ವಾಷರು ಹಾಕಿದೆ. ವಿಂಚಿನ ಕೊಂಡಿ ಅಲುಗದ ಹಾಗೆ ಬಟ್ಟೆ ಸುತ್ತಿದೆ. ಸೈಲೆನ್ಸರಿನ ಡಬ್ಬಿ ಈ ಗಾಡಿಯ ಅಳತೆಗೆ ಕೂರಲಿಲ್ಲ, ಲೋಕೇಶನ ಕೈಯಲ್ಲಿ ಹೊಸ ಕತ್ತು ಮಾಡಿಸಿ ಕೂರಿಸಿದೆ. ಟೈರಿನ ಗಾಳಿ ಇಳಿಸಿ, ಜಲ್ಲಿಯ ಮೇಲೆ ಓಡಿಸಿ, ಮತ್ತೆ ಇಳಿಸಿ, ಯಾವ ಒತ್ತಡಕ್ಕೆ ಸದ್ದು ಕಡಿಮೆ ಎಂದು ನೋಡಿದೆ. ಎಲ್ಲ ಮುಗಿದಾಗ ಆ ಗಾಡಿ ಮೂವತ್ತು ಹೆಜ್ಜೆ ಹತ್ತಿರ ಬರುವವರೆಗೂ ನಿಮಗೆ ಕೇಳುತ್ತಿರಲಿಲ್ಲ. ಮರಳುಗಾಡಿನಲ್ಲಿ ಯಾರ ಕಿವಿಗೆ ಕೇಳಬಾರದೆಂದು ಇಷ್ಟೆಲ್ಲ ಮಾಡುತ್ತಿದ್ದೇನೆ ಎಂದು ಒಂದು ಸಲವೂ ನನ್ನನ್ನು ನಾನು ಕೇಳಿಕೊಳ್ಳಲಿಲ್ಲ. ಕೆಲಸ ಚೆನ್ನಾಗಿ ಬಂತು ಎಂಬ ಸಂತೋಷದಲ್ಲಿ ಎಷ್ಟು ದೊಡ್ಡ ಪ್ರಶ್ನೆ ಬೇಕಾದರೂ ಮುಚ್ಚಿಹೋಗುತ್ತದೆ.

ಹೊರಡುವ ಮುಂಚೆ ವಾಹನಪೂಜೆ ಆಯಿತು. ನಾಲ್ಕು ಚಕ್ರಕ್ಕೂ ಒಂದೊಂದು ನಿಂಬೆಹಣ್ಣು, ಹ್ಯಾಂಡಲಿಗೆ ಮಲ್ಲಿಗೆ, ವಿಂಚಿಗೆ ಅರಿಶಿನ ಕುಂಕುಮ. ಬಂದೂಕಿನ ಚೀಲಕ್ಕೂ ಭಾವ ಮೂರು ಬೆರಳಿನಲ್ಲಿ ವಿಭೂತಿ ಎಳೆದರು. ಕಾಯಿ ಒಡೆದು, ಮಂಗಳಾರತಿ ಮಾಡಿ, ಯಾರಿಗೂ ಯಾವುದಕ್ಕೂ ಹಾನಿಯಾಗದಿರಲಿ ಎಂದು ಗಟ್ಟಿಯಾಗಿ ಬೇಡಿಕೊಂಡರು. ಬೇಡಿಕೊಂಡದ್ದು ನಿಜ, ಅದರಲ್ಲಿ ಕಪಟವಿರಲಿಲ್ಲ. ನನಗೆ ಸಿಟ್ಟು ಬರುವುದು ಅದಕ್ಕೇ. ಕಪಟಿಯ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸುಲಭ. ತಾನು ಒಳ್ಳೆಯವನೆಂದು ಮನಸಾರೆ ನಂಬಿದವನ ಜೊತೆ ಏನು ಮಾಡುತ್ತೀರಿ?

ಚಳಿಗಾಲದ ಒಂದು ಗುರುವಾರ ನಸುಕಿನಲ್ಲಿ ಹೊರಟೆವು. ಗಾಡಿಯನ್ನು ಬಾಡಿಗೆಯ ಪಿಕಪ್ಪಿಗೆ ಏರಿಸಿದ್ದೆವು. ಸೂರ್‌ಗೆ ಕಡಲಂಚಿನ ಹೊಸ ಹೆದ್ದಾರಿ ಆಗ ಇನ್ನೂ ಆಗಿರಲಿಲ್ಲ, ಜಲ್ಲಿಯ ದಾರಿ. ಬೆಟ್ಟಕ್ಕೂ ಕಡಲಿಗೂ ನಡುವೆ ಅಲ್ಲಲ್ಲಿ ಜಾಲಿ ಮರಗಳಿರುವ ಕಲ್ಲಿನ ಬಯಲುಗಳಿವೆ. ಜಿಂಕೆ ಕಾಣುತ್ತದೆಂದು ಯಾರೋ ಹೇಳಿದ್ದ ಒಂದು ಬಯಲಿನಲ್ಲಿ ಪಿಕಪ್ ನಿಲ್ಲಿಸಿ, ಪುಳಿಯೋಗರೆ ತಿಂದು, ಗಾಡಿ ಇಳಿಸಿದೆವು. ಅದು ಒಬ್ಬರೇ ಕೂರುವ ಗಾಡಿ. ಸತ್ತ ಜಿಂಕೆಯನ್ನು ಮಲಗಿಸುವ ಹಿಂದಿನ ರ‍್ಯಾಕಿನ ಮೇಲೆ ಒಂದು ದಿಂಬು ಕಟ್ಟಿ ಎರಡನೇ ಅಳಿಯನಿಗೆ ಜಾಗ ಮಾಡಿದ್ದರು. ಮಾವನ ಮನೆಯ ಪಂಕ್ತಿಯ ಕ್ರಮ ಇಲ್ಲಿಯೂ ತಪ್ಪಿರಲಿಲ್ಲ.

ಅರ್ಧ ಗಂಟೆಯಲ್ಲೇ ಅದು ಕಂಡಿತು. ನಮ್ಮೂರ ಜಿಂಕೆಯ ಹಾಗಲ್ಲ, ಚಿಕ್ಕದು. ಒಂದು ದೊಡ್ಡ ಆಡಿನಷ್ಟು ಎತ್ತರ, ತೆಳು ಕಾಲು, ಪಕ್ಕೆಯ ಮೇಲೆ ಒಂದು ಕಪ್ಪು ಗೆರೆ. ಜಾಲಿ ಮರದ ಕೆಳಗೆ ನಿಂತು ಏನನ್ನೋ ಮೆಲ್ಲುತ್ತಿತ್ತು. ನಾವು ಬಹಳ ಹತ್ತಿರ ಹೋಗುವವರೆಗೂ ಅದು ತಲೆ ಎತ್ತಲಿಲ್ಲ. ನನ್ನ ರಬ್ಬರ್ ವಾಷರುಗಳು ಚೆನ್ನಾಗಿ ಕೆಲಸ ಮಾಡಿದ್ದವು. ಭಾವ ಕ್ಯಾಮೆರಾ ಎತ್ತಿದರು. ಅದು ನೋಡಿತು, ಚಿಮ್ಮಿತು.

ಅಲ್ಲಿಗೆ ಬಿಡಬಹುದಿತ್ತು. ಭಾವ ಎಂಜಿನ್ನಿನ ವೇಗ ಏರಿಸಿದರು. ಒಂದು ಫೋಟೋ ಅಷ್ಟೇ ಎಂದರು. ಜಿಂಕೆ ನಮಗಿಂತ ಜೋರಾಗಿ ಓಡುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಅದು ಓಡಿ ನಿಲ್ಲುತ್ತದೆ, ಹಿಂದಿರುಗಿ ನೋಡುತ್ತದೆ, ಉಸಿರು ತೆಗೆದುಕೊಳ್ಳುತ್ತದೆ. ನಮ್ಮ ಗಾಡಿಗೆ ಉಸಿರು ಬೇಕಿಲ್ಲ, ಪೆಟ್ರೋಲ್ ಇದ್ದರೆ ಸಾಕು. ಅದು ನಿಂತಾಗಲೆಲ್ಲ ನಾವು ಹತ್ತಿರವಾದೆವು. ಭಾವ ಒಂದು ಕೈಯಲ್ಲಿ ಕ್ಯಾಮೆರಾ ಹಿಡಿದು ಒತ್ತಿದಾಗಲೆಲ್ಲ ಗಾಡಿ ಕುಲುಕಿ ಚಿತ್ರ ಕೆಟ್ಟಿತು. ಇನ್ನೊಂದು ಸಲ, ಇನ್ನೊಂದೇ ಸಲ. ಗಾಡಿ ಎಡಕ್ಕೆ ತಿರುಗಿತು, ಬಲಕ್ಕೆ ತಿರುಗಿತು, ಬೆಟ್ಟದ ಕಡೆಗೆ ಓಡಲು ನೋಡಿದ ಜಿಂಕೆಗೆ ಅಡ್ಡ ಬಂದು ಮತ್ತೆ ಬಯಲಿಗೆ ತಿರುಗಿಸಿತು. ಎಷ್ಟು ಹೊತ್ತು ಹೀಗೆ ನಡೆಯಿತೋ ನನಗೆ ನೆನಪಿಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರೆ. ಬೆಕ್ಕಿನ ಬಗ್ಗೆ ಅದು ಅನ್ಯಾಯದ ಮಾತು. ಬೆಕ್ಕು ಕೊನೆಗೆ ಇಲಿಯನ್ನು ತಿನ್ನುತ್ತದೆ.

ಆಮೇಲೆ ಅದು ಓಡುವುದನ್ನು ನಿಲ್ಲಿಸಿತು. ಬಟಾಬಯಲಿನಲ್ಲಿ ನಮ್ಮ ಕಡೆ ಮುಖ ಮಾಡಿ ಸುಮ್ಮನೆ ನಿಂತಿತು. ನಮ್ಮ ಪರಿಚಯವಾಯಿತು, ಹೆದರಿಕೆ ಹೋಯಿತು, ಪೋಸು ಕೊಡುತ್ತಿದೆ ಎಂದು ಭಾವನಿಗೆ ಹಿಗ್ಗೋ ಹಿಗ್ಗು. ಎಂಜಿನ್ ಆರಿಸಿ, ಬಂದೂಕಿನ ಚೀಲದಿಂದ ಸ್ಟ್ಯಾಂಡು ತೆಗೆದು, ಮೂರು ಕಾಲು ಬಿಡಿಸಿ, ಕ್ಯಾಮೆರಾ ಕೂರಿಸಿದರು. ಅಷ್ಟರಲ್ಲಿ ಜಿಂಕೆಯ ಹಿಂಗಾಲು ನಡುಗತೊಡಗಿತು. ಬಾಯಿಯ ಅಂಚಿನಲ್ಲಿ ನೊರೆ ಬಂತು. ಮೊದಲು ಮಂಡಿ ಊರಿತು, ಆಮೇಲೆ ಪಕ್ಕಕ್ಕೆ ಒರಗಿತು. ನಾವು ಹತ್ತಿರ ಹೋದಾಗ ಪಕ್ಕೆ ಇನ್ನೂ ಏರಿಳಿಯುತ್ತಿತ್ತು. ಭಾವ ಓಡಿಹೋಗಿ ನೀರಿನ ಬಾಟಲಿ ತಂದು ಅದರ ಬಾಯಿಗೆ ಬಿಟ್ಟರು. ನಮ್ಮಲ್ಲಿ ಸಾಯುವವರ ಬಾಯಿಗೆ ಬಿಡುತ್ತೇವಲ್ಲ, ಹಾಗೆ ಬೆರಳಿನ ಮೇಲಿಂದ ಹನಿಹನಿಯಾಗಿ ಬಿಟ್ಟರು. ಏನೋ ಮಂತ್ರ ಹೇಳುತ್ತಿದ್ದರು. ನೀರು ಹಲ್ಲಿನ ಸಂದಿಯಿಂದ ಹೊರಗೆ ಹರಿದು ಕಲ್ಲಿನ ಮೇಲೆ ಬಿತ್ತು. ಮೈಮೇಲೆ ಒಂದು ಗೀರೂ ಇಲ್ಲದೆ ಅದು ಸತ್ತಿತು.

ಬಯಲಿನ ಆ ಕೊನೆಯಿಂದ ಒಂದು ಹಳೆಯ ಪಿಕಪ್ ಬಂದು ನಮ್ಮ ಹತ್ತಿರ ನಿಂತಿತು. ಇಳಿದವರು ವಯಸ್ಸಾದ ಒಮಾನಿ. ಹೆಸರು ಹಮೂದ್, ಅಲ್ಲೇ ಬೆಟ್ಟದ ಬುಡದಲ್ಲಿ ಆಡು ಸಾಕಿಕೊಂಡಿದ್ದರು. ಹುಡುಗನಾಗಿದ್ದಾಗ ಸೂರಿನ ಹಡಗಿನಲ್ಲಿ ಮುಂಬಯಿ, ಮಂಗಳೂರುಗಳನ್ನೆಲ್ಲ ಕಂಡವರಂತೆ. ಅವರ ಹಿಂದಿ ನನ್ನ ಹಿಂದಿಗಿಂತ ಚೆನ್ನಾಗಿತ್ತು. ಅವರು ಸಲಾಂ ಹೇಳಿದರು, ನಾವೂ ಹೇಳಿದೆವು. ಆಮೇಲೆ ಕುಕ್ಕರುಗಾಲಿನಲ್ಲಿ ಕೂತು ಜಿಂಕೆಯ ಕುತ್ತಿಗೆಯ ಕೆಳಗೆ ಕೈ ಇಟ್ಟು ನೋಡಿದರು. ಗಾಡಿಯ ಮೇಲಿದ್ದ ಉದ್ದನೆಯ ಚೀಲದ ಕಡೆ ನೋಡಿದರು. ಭಾವ ಅವಸರವಸರವಾಗಿ ಅದನ್ನು ತಲೆಕೆಳಗು ಮಾಡಿ ಖಾಲಿ ಎಂದು ತೋರಿಸಿದರು. ನಾವು ಬೇಟೆಯವರಲ್ಲ, ಮಾಂಸ ತಿನ್ನುವವರೇ ಅಲ್ಲ, ಮೊಟ್ಟೆಯನ್ನೂ ಮುಟ್ಟುವುದಿಲ್ಲ ಎಂದು ಒಂದೇ ಉಸಿರಿಗೆ ಹೇಳಿದರು. ಅದನ್ನು ಹೇಳುವಾಗ ಅವರ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

ಮುದುಕರು ಎದ್ದು ನಿಂತರು. ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಈಗ ಇಷ್ಟು ಕಷ್ಟವಾಗುತ್ತಿರಲಿಲ್ಲ.

"ತಿನ್ನುವುದಿಲ್ಲ," ಎಂದರು. "ಹಾಗಾದರೆ ಇದರಿಂದ ನಿಮಗೆ ಏನು ಬೇಕಿತ್ತು?"

ಭಾವ ಕ್ಯಾಮೆರಾ ಚಾಚಿ ಅದರ ಹಿಂದಿನ ಪುಟ್ಟ ಪರದೆಯನ್ನು ತೋರಿಸಿದರು. ಅದರಲ್ಲಿ ಕಲ್ಲಿನ ಬಣ್ಣದ ಮೇಲೆ ಕಂದು ಬಣ್ಣ ಬಳಿದ ಹಾಗಿತ್ತು. ಮುದುಕರು ಅದನ್ನು ಮರ್ಯಾದೆಯಿಂದ ನೋಡಿದರು. ಓಡಿಸಿದರೆ ಇದರ ಎದೆ ಒಡೆಯುತ್ತದೆ, ಗುಂಡು ಬೇಕಾಗಿಲ್ಲ, ಹಿಂದೆ ಜೀಪಿನಲ್ಲಿ ಬಂದವರೂ ಹೀಗೇ ಮಾಡುತ್ತಿದ್ದರು ಎಂದು ಹೇಳಿದರು. ಪೊಲೀಸರಿಗೆ ತಿಳಿಸಬೇಕು ನಿಜ, ಆದರೆ ಏನೆಂದು ತಿಳಿಸಲಿ, ಬಂದೂಕಿಲ್ಲ, ಗಾಯವಿಲ್ಲ, ಮಾಂಸ ಕದ್ದಿಲ್ಲ ಎಂದರು. ನಾನು ಬಾಯಿ ಹಾಕಿ, ಇದನ್ನು ನೀವಾದರೂ ತೆಗೆದುಕೊಂಡು ಹೋಗಿ ಎಂದೆ. ಅಂಥ ಮಾತು ನನ್ನ ಬಾಯಲ್ಲಿ ಯಾಕೆ ಬಂತೋ! ತಾನಾಗಿ ಸತ್ತದ್ದನ್ನು ತಾವು ತಿನ್ನುವ ಹಾಗಿಲ್ಲ, ಹಲಾಲ್ ಅಲ್ಲ ಎಂದು ಅವರು ತಾಳ್ಮೆಯಿಂದ ವಿವರಿಸಿದರು. ಹೂಳಿ ಹೋಗುತ್ತೇವೆ ಎಂದು ಭಾವ ಹೇಳಿದ್ದಕ್ಕೂ ಬೇಡವೆಂದು ತಲೆಯಾಡಿಸಿದರು.

"ಬಿಡಿ, ಇಲ್ಲೇ ಇರಲಿ. ನರಿ ಬರುತ್ತದೆ. ಅದಕ್ಕಾದರೂ ಹಸಿವಿದೆ."

ದಾರಿಯುದ್ದಕ್ಕೂ ಭಾವ ಮಾತಾಡಿದರು. ಅದಕ್ಕೆ ಮೊದಲೇ ಏನೋ ರೋಗ ಇದ್ದಿರಬೇಕು. ನಾವು ಮುಟ್ಟಿಯೂ ಇಲ್ಲ, ಕೊನೆಯಲ್ಲಿ ನೀರು ಬಿಟ್ಟೆವಲ್ಲ, ಅದರ ಪುಣ್ಯ. ಆಯಸ್ಸು ಮುಗಿದಿತ್ತು, ನಾವು ನೆಪ. ಮಸ್ಕತ್ತು ತಲುಪುವ ಹೊತ್ತಿಗೆ ಅವರು ಪೂರ್ತಿ ನಿರಪರಾಧಿಯಾಗಿದ್ದರು. ಬಾಗಿಲು ತೆಗೆದ ಪದ್ಮಕ್ಕ ಜಿಂಕೆ ಸಿಕ್ಕಿತೇ ಎಂದು ಕೇಳಿದರು. ಸಿಕ್ತು, ಓಡಿಹೋಯ್ತು ಎಂದು ಹೇಳಿ ಭಾವ ಸ್ನಾನಕ್ಕೆ ಹೋದರು. ನಾನು ಹಿಂದೆ ನಿಂತಿದ್ದೆ, ಕೈಯಲ್ಲಿ ಪುಳಿಯೋಗರೆಯ ಡಬ್ಬಿ ಇತ್ತು. ಅದನ್ನು ಪದ್ಮಕ್ಕನ ಕೈಗೆ ಕೊಟ್ಟು ಮನೆಗೆ ಹೊರಟೆ.

ಮುಂದಿನ ಎರಡು ತಿಂಗಳು ಆ ಕಥೆ ನಮ್ಮವರೆಲ್ಲರ ಮನೆಯಲ್ಲೂ ಓಡಾಡಿತು. ಪ್ರತಿ ಸಲವೂ ಜಿಂಕೆ ಒಂದೊಂದು ಗಜ ಹತ್ತಿರವಾಯಿತು, ಪ್ರತಿ ಸಲವೂ ಕೊನೆಗೆ ಓಡಿಹೋಯಿತು. ಕೇಳಿದವರು ನಕ್ಕರು: ಪುಳಿಯೋಗರೆ ಕಟ್ಟಿಕೊಂಡು ಬೇಟೆಗೆ ಹೋದ ಷಡ್ಡಕರು! ಅವರು ನಕ್ಕಾಗಲೆಲ್ಲ ನನಗೆ ಆ ಬಾಯಿಯಿಂದ ಹೊರಗೆ ಹರಿದ ನೀರು ಕಾಣುತ್ತಿತ್ತು. ಅವರ ಮೇಲೆ ಸಿಟ್ಟು, ಭಾವನ ಮೇಲೆ ಸಿಟ್ಟು, ಅಷ್ಟು ಚೆನ್ನಾಗಿ ಕೂತ ನನ್ನ ಸೈಲೆನ್ಸರಿನ ಮೇಲೆ ಸಿಟ್ಟು. ಮನೆಯಲ್ಲಿ ಸಾರಿಗೆ ಉಪ್ಪು ಕಡಿಮೆ ಎಂದು ವಸುಧಾಳ ಮೇಲೆ ಹಾರಾಡಿದೆ. ಅವಳು ಏನಾಗಿದೆ ನಿಮಗೆ ಎಂದು ಕೇಳಿದಳು. ಏನಿಲ್ಲ ಎಂದೆ. ನಡುವೆ ಒಂದು ದಿನ ಭಾವ ವರ್ಕ್‌ಶಾಪಿಗೆ ಬಂದು, ಹ್ಯಾಂಡಲಿನ ಮೇಲೇ ಕ್ಯಾಮೆರಾ ಕೂರಿಸುವ ಹಾಗೆ ಒಂದು ಕ್ಲಾಂಪು ಮಾಡಿಕೊಡು, ಮುಂದಿನ ಸಲ ಚಿತ್ರ ಅಲುಗಬಾರದು ಎಂದರು. ಮುಂದಿನ ಸಲ! ನಾನು ಆಗಲಿ ಎನ್ನಲಿಲ್ಲ, ಆಗುವುದಿಲ್ಲ ಎನ್ನಲೂ ಇಲ್ಲ. ವೆಲ್ಡಿಂಗ್ ರಾಡು ಮುಗಿದಿದೆ ಎಂದೆ. ನನ್ನ ಧೈರ್ಯದ ಅಳತೆ ಅಷ್ಟು.

ಯುಗಾದಿಗೆ ಅವರ ಮನೆಯಲ್ಲಿ ಊಟ. ನಾವಲ್ಲದೆ ಇನ್ನೂ ಎರಡು ಸಂಸಾರ. ಪ್ಲಾಸ್ಟಿಕ್ ಚಾಪೆಯ ಮೇಲೆ ಸಾಲಾಗಿ ಕೂತೆವು, ಮೊದಲ ಎಲೆ ಭಾವನದು, ಎರಡನೆಯದು ನನ್ನದು. ಹೊಸದಾಗಿ ಬಂದಿದ್ದ ಒಬ್ಬರಿಗೆ ಭಾವ ಕಥೆ ಶುರುಮಾಡಿದರು. ಹೋಳಿಗೆ ಬಡಿಸುವ ಹೊತ್ತಿಗೆ ಜಿಂಕೆ ಪೋಸು ಕೊಡುವ ಭಾಗಕ್ಕೆ ಬಂತು. ಹೀಗೆ ನಿಂತಿತ್ತು, ಕಣ್ಣಲ್ಲಿ ಕಣ್ಣಿಟ್ಟು ನೋಡಿತು, ಆಮೇಲೆ ಓಡಿಹೋಯ್ತು ಎಂದರು. ಎಲ್ಲರೂ ನಕ್ಕರು.

"ಓಡಿಹೋಗಲಿಲ್ಲ ಭಾವ," ಎಂದೆ. "ಸತ್ತುಹೋಯ್ತು. ನಾವೇ ಕೊಂದ್ವಿ."

ಎಷ್ಟೋ ವರ್ಷದಿಂದ ಗಂಟಲಲ್ಲಿ ಕೂತಿದ್ದ ದನಿ ಅದು, ಬೇಕಾದದ್ದಕ್ಕಿಂತ ಜೋರಾಗಿ ಬಂತು. ಶುರುವಾದದ್ದು ನಿಲ್ಲಲಿಲ್ಲ. ನೊರೆಯನ್ನು ಹೇಳಿದೆ, ನಡುಗಿದ ಕಾಲನ್ನು ಹೇಳಿದೆ, ಹಮೂದ್ ಕೇಳಿದ ಪ್ರಶ್ನೆಯನ್ನು ಹೇಳಿದೆ. ನೀವು ಮೊಟ್ಟೆ ತಿನ್ನುವುದಿಲ್ಲ ಎಂದು ಒಂದು ಹೆಣದ ಪಕ್ಕದಲ್ಲಿ ನಿಂತು ಹೆಮ್ಮೆಪಟ್ಟಿರಿ, ನನಗೆ ಅಲ್ಲೇ ನಾಚಿಕೆಯಾಯಿತು ಎಂದು ಎಲ್ಲರ ಎದುರು ಹೇಳಿದೆ. ಭಾವನ ಮುಖ ಬೆಳ್ಳಗಾಯಿತು. ಅವರು ಎಲೆಯ ಅಂಚನ್ನು ಮಡಿಸುತ್ತ ಕೂತರು. ಬಂದಿದ್ದವರಲ್ಲಿ ಹಿರಿಯರೊಬ್ಬರು, ಬೇಕೆಂದು ಮಾಡಿದ್ದಲ್ಲವಲ್ಲ, ಊರಿಗೆ ಹೋದಾಗ ಏನಾದರೂ ಶಾಂತಿ ಮಾಡಿಸಿದರಾಯಿತು ಎಂದು ಸಮಾಧಾನ ಹೇಳಿದರು. ನನಗೆ ಅವರ ಮೇಲೂ ಸಿಟ್ಟು ಬಂತು. ಆದರೆ ನಿಜ ಹೇಳುತ್ತೇನೆ, ಎದೆ ಹಗುರವಾಗಿತ್ತು. ದೊಡ್ಡ ಅಳಿಯನ ಬಾಯಿ ಮುಚ್ಚಿಸಿದ ಎರಡನೇ ಅಳಿಯ ನಾನು. ಸತ್ಯವನ್ನೂ ಹೇಳಿದ್ದೆ, ಹಳೆಯ ಬಾಕಿಯನ್ನೂ ತೀರಿಸಿಕೊಂಡಿದ್ದೆ.

ಎದುರು ಸಾಲಿನಲ್ಲಿ ಕೂತಿದ್ದ ವಸುಧಾ ನನ್ನನ್ನೇ ನೋಡುತ್ತಿದ್ದಳು.

"ನೀವು ಬೇಡ ಅನ್ನಲಿಲ್ವಾ?" ಎಂದಳು.

ಅವಳ ದನಿಯಲ್ಲಿ ಆರೋಪ ಇರಲಿಲ್ಲ. ಬೇಡ ಅನ್ನದೆ ಇರುವ ಮನುಷ್ಯ ನಾನಲ್ಲ ಎಂಬ ನಂಬಿಕೆಯಿಂದಲೇ ಕೇಳಿದಳು. ಅನ್ನಲಿಲ್ಲ ಎಂದು ಒಂದೇ ಮಾತಿನಲ್ಲಿ ಮುಗಿಸಿ, ವೀಸಾ, ದೊಡ್ಡ ಅಳಿಯ, ಮುಲಾಜು ಎಂದು ಕಾರಣ ಹೇಳಬಹುದಿತ್ತು. ಆದರೆ ಅಷ್ಟು ಹೊತ್ತು ಸತ್ಯ ಹೇಳಿ ರೂಢಿಯಾಗಿಬಿಟ್ಟಿತ್ತು. ಭಾವನ ಒಂದು ಕೈಯಲ್ಲಿ ಹ್ಯಾಂಡಲ್ ಇತ್ತು, ಇನ್ನೊಂದರಲ್ಲಿ ಕ್ಯಾಮೆರಾ ಇತ್ತು, ಕಣ್ಣು ಕ್ಯಾಮೆರಾದ ಮೇಲಿತ್ತು. ಜಿಂಕೆ ಎತ್ತ ತಿರುಗುತ್ತಿದೆ ಎಂದು ಅವರಿಗೆ ಕಾಣುತ್ತಿರಲಿಲ್ಲ. ಹಿಂದೆ ದಿಂಬಿನ ಮೇಲೆ ಎತ್ತರದಲ್ಲಿ ಕೂತವನಿಗೆ ಎಲ್ಲ ಕಾಣುತ್ತಿತ್ತು.

"ಎಡಕ್ಕೆ ಭಾವ, ಈಗ ಬಲಕ್ಕೆ, ಬೆಟ್ಟದ ಕಡೆ ಬಿಡಬೇಡಿ ಅಂತ ಕೂಗ್ತಾ ಇದ್ದೋನು ನಾನೇ," ಎಂದೆ. "ಖುಷಿಯಾಗಿತ್ತು."

ಭಾವ ತಲೆ ಎತ್ತಿ ನನ್ನ ಕಡೆ ನೋಡಿದರು. ಗೆದ್ದವರ ನೋಟ ಆಗಿರಲಿಲ್ಲ ಅದು. ಇಬ್ಬರೂ ಒಟ್ಟಿಗೆ ಎಲೆಯ ಕಡೆ ತಲೆ ತಗ್ಗಿಸಿದೆವು. ಆ ಒಂದು ಗಳಿಗೆ ನಮ್ಮ ಪಂಕ್ತಿಯಲ್ಲಿ ಮೊದಲ ಎಲೆ, ಎರಡನೇ ಎಲೆ ಎಂಬ ಭೇದ ಇರಲಿಲ್ಲ. ಎರಡು ತಿಂಗಳು ಮನೆಮನೆಗೂ ಹೊತ್ತು ತಿರುಗಿದ ನನ್ನ ಸಿಟ್ಟನ್ನು ಎಲ್ಲಿ ಇಳಿಸಬೇಕೋ ತಿಳಿಯಲಿಲ್ಲ. ಈಗಲೂ ತಿಳಿದಿಲ್ಲ, ಅದಕ್ಕೇ ನಿಮ್ಮ ಮುಂದೆ ತಂದಿಟ್ಟಿದ್ದೇನೆ.

ಪಾಪ, ಪದ್ಮಕ್ಕ ಹೋಳಿಗೆಯ ತಟ್ಟೆ ಹಿಡಿದು ಅಷ್ಟು ಹೊತ್ತೂ ನಿಂತೇ ಇದ್ದರು. ಹಬ್ಬದ ದಿನ ಎಲೆಯ ಮುಂದೆ ಹೀಗೆ ಕೂರಬಾರದು ಎಂದರು. ಭಾವನಿಗೆ ಒಂದು ಬಡಿಸಿ ನನ್ನ ಎಲೆಯ ಮುಂದೆ ಬಗ್ಗಿ, ಇನ್ನೊಂದು ಹಾಕಲೇ ಎಂದು ಕೇಳಿದರು. ಆಗಲೇ ಮೂರು ತಿಂದಿದ್ದೆ, ಹಸಿವು ಚೂರೂ ಇರಲಿಲ್ಲ. ಹಾಕಿಸಿಕೊಂಡೆ.